ತಲೆಗೆ ಕಟ್ಟಿದ್ದು, ತಲೆಗೆ ಇಟ್ಟದ್ದು: ಮುಂಡಾಸು, ಬಾಸಿಂಗ, ಪೇಟ ತೊಟ್ಟವರು ಬರೆಯಿರಿ

ಚೌಕಿಯ ಕನ್ನಡಿ:

ಎಲ್ಲರಿಗೂ ನಮಸ್ಕಾರ. ನಾನು ಬಡಗುತಿಟ್ಟಿನ, ಅಂದರೆ ಯಕ್ಷಗಾನದ ಉತ್ತರದ ಶೈಲಿಯ, ಹವ್ಯಾಸಿ ವೇಷಧಾರಿ. ಹಗಲು ಕಚೇರಿ ಕೆಲಸ, ರಜೆ ಸಿಕ್ಕಿದ ರಾತ್ರಿ ಆಟ. ಹದಿನೆಂಟು ವರ್ಷ ಆಯಿತು.

ಹೋದ ತಿಂಗಳು ನಮ್ಮ ಸಂಘದ ಸಭೆಯಲ್ಲಿ ಒಂದು ತೀರ್ಮಾನ ಆಯಿತು. ಇನ್ನು ಮುಂದೆ ಮುಂಡಾಸನ್ನು ತಲೆಯ ಮೇಲೆ ಸುತ್ತಿ ಕಟ್ಟುವುದು ಬೇಡ, ಮೊದಲೇ ಕಟ್ಟಿ ಇಟ್ಟದ್ದನ್ನು ತರಿಸೋಣ ಅಂತ. ತಲೆಗೆ ಇಟ್ಟು ಹಿಂದೆ ದಾರ ಬಿಗಿದರೆ ಮುಗಿಯಿತು. ಕೊಟ್ಟ ಕಾರಣಗಳು ಸರಿಯಾಗಿಯೇ ಇದ್ದವು. ಇಡೀ ರಾತ್ರಿಯ ಆಟ ಈಗ ಕಮ್ಮಿ. ಕಾಲಮಿತಿ ಅಂದರೆ ಮೂರು ಮೂರೂವರೆ ಗಂಟೆ. ಒಬ್ಬನೇ ಎರಡು ವೇಷ ಮಾಡಬೇಕಾಗುತ್ತದೆ. ಕಟ್ಟುತ್ತಾ ಕೂರಲು ಸಮಯ ಎಲ್ಲಿದೆ? ಎಲ್ಲರೂ ಒಪ್ಪಿದರು. ನಾನೂ ಕೈ ಎತ್ತಿದೆ. ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ.

ನನ್ನ ಮೊದಲ ದೊಡ್ಡ ವೇಷ ಅಭಿಮನ್ಯು. ಅದಕ್ಕೆ ಕೇದಗೆ ಮುಂದಲೆ. ಯಕ್ಷಗಾನ ಅಷ್ಟಾಗಿ ನೋಡದವರಿಗೆ ಹೇಳುತ್ತೇನೆ: ಅಭಿಮನ್ಯು, ಬಬ್ರುವಾಹನರಂಥ ಎಳೆ ಪ್ರಾಯದ ವೀರರಿಗೆ ಕೇದಗೆ ಎಸಳಿನ ಹಾಗೆ ಮೇಲಕ್ಕೆ ಚೂಪಾಗುವ ಮುಂದಲೆ. ಕರ್ಣ, ಅರ್ಜುನರಂಥ ಬಲಿತ ವೀರರಿಗೆ ದೊಡ್ಡ ಮುಂಡಾಸು. ರಾಜರಿಗೆ ಕಿರೀಟ. ಒಂದು ಮಾತೂ ಶುರುವಾಗುವ ಮೊದಲು, ಕೆಳಗೆ ಚಾಪೆ ಹಾಸಿ ಕೂತ ಅಜ್ಜಿ ತಲೆ ನೋಡಿಯೇ ಬಂದವನು ಎಂಥವನು ಅಂತ ಮೊಮ್ಮಗನಿಗೆ ಹೇಳಿಬಿಡುತ್ತಾಳೆ.

ಗುರುಗಳು ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ನನ್ನನ್ನು ಎದುರಿಗೆ ಕೂರಿಸಿಕೊಂಡು ಮೊದಲು ಹಣೆಗೆ ಒಂದು ಬಟ್ಟೆ ಬಿಗಿದರು. ಹುಬ್ಬು ಎರಡೂ ಮೇಲೆ ಹೋದವು. ಆಮೇಲೆ ಬಟ್ಟೆಯೊಳಗೆ ಹುಲ್ಲು ತುಂಬಿದ ಸುರುಳಿ. ಅದರ ಮೇಲೆ ಬಟ್ಟೆಯ ಸುತ್ತು. ಅದರ ಮೇಲೆ ಜರಿ ಪಟ್ಟಿ, ಒಂದರ ಪಕ್ಕ ಒಂದು. ಪ್ರತಿ ಸುತ್ತಿಗೂ ನನ್ನ ತಲೆಯನ್ನು ಅವರ ಎದೆಗೆ ಒತ್ತಿ ಹಿಡಿದು ಎಳೆಯುತ್ತಿದ್ದರು. ಅವರ ಎದೆ ಬಡಿತ ನನ್ನ ಕಿವಿಗೆ ಕೇಳುತ್ತಿತ್ತು. ನನ್ನ ಕಣ್ಣಲ್ಲಿ ನೀರು ಬಂತು.

"ನೋಯ್ತದಾ?" ಅಂದರು.

"ಹೌದು."

"ನೋಯ್ಲಿ. ಬಿಚ್ಚುವವರೆಗೆ ನೀನು ಯಾರು ಅಂತ ಅದು ನೆನಪು ಮಾಡ್ತಾ ಇರ್ತದೆ."

ಇದನ್ನೆಲ್ಲ ಸಭೆಯಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ಇಲ್ಲಿ ಕೇಳುತ್ತೇನೆ. ತಲೆಗೆ ಏನಾದರೂ ಕಟ್ಟಿಸಿಕೊಂಡವರು, ಕಟ್ಟಿದವರು ಇದ್ದರೆ ಬರೆಯಿರಿ. ಯಕ್ಷಗಾನವೇ ಆಗಬೇಕೆಂದಿಲ್ಲ. ಬಾಸಿಂಗ, ಪೇಟ, ತುರಾಯಿ ಯಾವುದಾದರೂ ಸರಿ. ಕಟ್ಟಿದ್ದಕ್ಕೂ ಇಟ್ಟದ್ದಕ್ಕೂ ನಿಮಗೆ ವ್ಯತ್ಯಾಸ ಗೊತ್ತಾಗಿದೆಯಾ?


ತಿರುಗಾಟ:

ಅಣ್ಣ, ನಿಮ್ಮ ಮಾತಿಗೆ ಬೇಜಾರು ಮಾಡಿಕೊಳ್ಳಬೇಡಿ, ಆದರೆ ನಾನು ಇನ್ನೊಂದು ಕಡೆಯಿಂದ ಹೇಳಬೇಕು. ನನ್ನ ಅಣ್ಣ ಮೇಳದಲ್ಲಿ ವೃತ್ತಿ ಕಲಾವಿದ. ದೀಪಾವಳಿ ಕಳೆದ ಮೇಲೆ ಗೆಜ್ಜೆ ಕಟ್ಟಿದರೆ ಮೇ ಕೊನೆಯ ಪತ್ತನಾಜೆ (ತಿರುಗಾಟ ಮುಗಿಯುವ ದಿನ) ಹೊತ್ತಿಗೆ ಬಿಚ್ಚುವುದು. ಆರು ತಿಂಗಳು, ಹೆಚ್ಚುಕಮ್ಮಿ ದಿನಾ ರಾತ್ರಿ. ಅವನ ಹಣೆ ಮೇಲೆ ಕೂದಲು ಶುರುವಾಗುವ ಜಾಗದಲ್ಲಿ ಒಂದು ಗೆರೆ ಬಿದ್ದಿದೆ, ಮಳೆಗಾಲದಲ್ಲೂ ಹೋಗುವುದಿಲ್ಲ. ಬೆಳಗ್ಗೆ ಮನೆಗೆ ಬಂದರೆ ಒಂದು ಗಂಟೆ ಮಾತಾಡುವುದಿಲ್ಲ. ತಲೆ ಸಿಡಿಯುತ್ತಿರುತ್ತದೆ.

ವರ್ಷಕ್ಕೆ ಹತ್ತು ವೇಷ ಮಾಡುವವರಿಗೆ ಆ ನೋವು ನೆನಪಾಗಿ ಉಳಿಯುತ್ತದೆ. ದಿನಾ ಮಾಡುವವನಿಗೆ ಅದು ಬರೀ ನೋವು. ತಯಾರಾದ ಮುಂಡಾಸು ಬಂದ ಮೇಲೆ ನನ್ನ ಅಣ್ಣ ಚೌಕಿಯಲ್ಲಿ ಅರ್ಧ ಗಂಟೆ ಮಲಗುತ್ತಾನೆ. ಆ ಅರ್ಧ ಗಂಟೆ ನಮಗೆ ದೊಡ್ಡದು.


ಇಳಕಲ್ ಸೆರಗು:

ಇಬ್ಬರ ಮಾತೂ ಓದಿದೆ. ನಾನು ಉತ್ತರ ಕರ್ನಾಟಕದ ಕಡೆಯವಳು. ನಮ್ಮಲ್ಲಿ ಮುಂಡಾಸಿಗೆ ರುಮಾಲು, ಪಟಗ ಅನ್ನುತ್ತಾರೆ. ಅದು ಗಂಡಸರ ಮಾತು, ಅವರು ಹೇಳಲಿ. ನಾನು ಬಾಸಿಂಗದ ಬಗ್ಗೆ ಹೇಳುತ್ತೇನೆ.

ನಮ್ಮ ಅವ್ವನ ಬಾಸಿಂಗ ಇನ್ನೂ ಮನೆಯಲ್ಲಿದೆ. ಬೆಂಡಿನದು. ಮೇಲೆ ಬಂಗಾರ ಬಣ್ಣದ ಹಾಳೆ, ಮಣಿ, ನಡುವೆ ಬೆರಳ ಉಗುರಿನಷ್ಟು ಕನ್ನಡಿ ಚೂರು. ಕೈಯಲ್ಲಿ ಹಿಡಿದರೆ ಏನೂ ಹಿಡಿದಿಲ್ಲ ಅನ್ನಿಸುವಷ್ಟು ಹಗುರ. ದೇವರ ಜಗುಲಿಯ ಪಕ್ಕ ಗೂಟಕ್ಕೆ ನೇತು ಹಾಕಿರುತ್ತಿದ್ದರು. ಅಪ್ಪನದೂ ಅದೇ ಗೂಟಕ್ಕೆ. ದೀಪಾವಳಿಗೆ ಸುಣ್ಣ ಬಳಿಯುವಾಗ ಎರಡನ್ನೂ ಇಳಿಸಿ ಮೊರದಲ್ಲಿ ಇಡುವ ಕೆಲಸ ನನ್ನದು. ಬೇರೆ ಮಕ್ಕಳು ಮುಟ್ಟುವ ಹಾಗಿರಲಿಲ್ಲ.

ನನ್ನ ಮದುವೆಯಲ್ಲಿ ಅಂಗಡಿಯಿಂದ ತಂದ ಥರ್ಮೋಕೋಲಿನ ಬಾಸಿಂಗ. ನೋಡಲು ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಕಟ್ಟಿದ್ದು ನಮ್ಮ ಸೋದರಮಾವ. ದಾರ ಕಟ್ಟುವಾಗ ಅವರ ಕೈ ನಡುಗುತ್ತಿತ್ತು. ಎರಡು ಸಲ ಗಂಟು ಜಾರಿತು. ಹಿಂದೆ ನಿಂತವರು ಯಾರೋ "ತಡೀರಿ, ನಾ ಕಟ್ತೀನಿ" ಅಂದರು. ಮಾವ ಬಿಡಲಿಲ್ಲ. ಮೂರನೇ ಸಲ ಗಂಟು ಕೂತಿತು. ಬಾಸಿಂಗ ಕಟ್ಟಿದ ಮೇಲೆ ಮುಖ ಬಗ್ಗಿಸಲು ಆಗುವುದಿಲ್ಲ, ಅದು ಮುಂದೆ ಜಾರುತ್ತದೆ. ಕತ್ತು ನೆಟ್ಟಗೆ ಇಡಲೇಬೇಕು. ಮದುವೆ ಹೆಣ್ಣು ತಲೆ ತಗ್ಗಿಸಿ ಕೂರಬೇಕು ಅಂತ ಎಲ್ಲರೂ ಹೇಳುತ್ತಾರೆ ಅಲ್ವಾ? ಬಾಸಿಂಗ ಕಟ್ಟಿಕೊಂಡವಳು ತಗ್ಗಿಸುವುದು ಹೇಗೆ? ಅವತ್ತು ನಾನು ಮೊದಲ ಸಲ ಅಷ್ಟು ಜನರನ್ನು ನೇರ ಕಣ್ಣಿಟ್ಟು ನೋಡಿದೆ.

ಹಾಗಾಗಿ ಚೌಕಿಯ ಕನ್ನಡಿ ಅಣ್ಣಾ, ನನ್ನ ಪ್ರಕಾರ ವಸ್ತು ತಯಾರಾದದ್ದೋ ಕೈಯಲ್ಲಿ ಮಾಡಿದ್ದೋ ಅನ್ನುವುದಕ್ಕಿಂತ ಕಟ್ಟಿದ ಕೈ ಯಾರದು ಅನ್ನುವುದು ದೊಡ್ಡದು.

ಇನ್ನೊಂದು ನೆನಪಾಯಿತು. ಮನುಷ್ಯನ ತಲೆಗೆ ಮೊದಲು ಏರುವುದು ಪೇಟವೂ ಅಲ್ಲ, ಬಾಸಿಂಗವೂ ಅಲ್ಲ. ಕುಂಚಿಗೆ. ತೊಟ್ಟಿಲ ಶಾಸ್ತ್ರದಲ್ಲಿ ಕೂಸಿಗೆ ಹಾಕುವುದು. ತಲೆ ಮುಚ್ಚಿ ಹಿಂದೆ ಬೆನ್ನ ಮೇಲೆ ಇಳಿಬೀಳುತ್ತದೆ. ನಮ್ಮ ಅಮ್ಮಮ್ಮ ಖಣದ ಬಟ್ಟೆಯಲ್ಲಿ ಹೊಲಿದು ಕಸೂತಿ ಹಾಕುತ್ತಿದ್ದಳು. ಗೋಪುರ, ತೇರು, ತುಳಸಿಕಟ್ಟೆ, ಆನೆ. ಗವಂತಿ ಹೊಲಿಗೆಯಲ್ಲಿ ಗಂಟು ಹಾಕುವುದಿಲ್ಲ, ಒಳಗೂ ಹೊರಗೂ ಒಂದೇ ಥರ ಕಾಣುತ್ತದೆ. "ಕೂಸಿನ ನೆತ್ತಿ ಮೆತ್ತಗಿರ್ತೈತಿ, ಗಂಟು ಒತ್ತಬಾರದು" ಅನ್ನುತ್ತಿದ್ದಳು. ಆ ಕುಂಚಿಗೆ ನಾನು, ನನ್ನ ತಮ್ಮ, ನನ್ನ ಮಗಳು, ಮೂವರೂ ಹಾಕಿದ್ದೇವೆ.


ಕೇಸರಿತಟ್ಟಿ:

ನಾನು ತೆಂಕುತಿಟ್ಟಿನವ, ಯಕ್ಷಗಾನದ ದಕ್ಷಿಣದ ಶೈಲಿ. ಬಣ್ಣದ ವೇಷ ಅಂದರೆ ಪ್ರಾಣ. ಚೌಕಿಯ ಕನ್ನಡಿಯವರೇ, ನಿಮ್ಮ ಶೀರ್ಷಿಕೆಯಲ್ಲಿ ಒಂದು ತಪ್ಪು ಇದೆ ಅಂತ ನನಗೆ ಅನ್ನಿಸುತ್ತದೆ. "ಇಟ್ಟದ್ದು" ಅಂದರೆ ಕಮ್ಮಿ ಅನ್ನುವ ಹಾಗೆ ಬರೆದಿದ್ದೀರಿ. ನಮ್ಮ ರಾಕ್ಷಸ ವೇಷದ ಕೇಸರಿತಟ್ಟಿ ಸುತ್ತಿ ಕಟ್ಟುವುದಲ್ಲ. ಹಿಂದೆ ದೊಡ್ಡ ವೃತ್ತ ಇರುವ ಕಿರೀಟ ಅದು, ಮೊದಲೇ ಮಾಡಿಟ್ಟದ್ದು. ತಲೆಗೆ ಇಟ್ಟು ಬಿಗಿಯುವುದು. ಎಷ್ಟೋ ವರ್ಷ ಒಂದೇ ಕಿರೀಟ ಒಬ್ಬರಿಂದ ಒಬ್ಬರ ತಲೆಗೆ ಹೋಗುತ್ತದೆ. ಹಾಗಂತ ಅದಕ್ಕೆ ಅರ್ಥ ಇಲ್ಲವಾ?

ನಾನು ಚಿಕ್ಕವನಿದ್ದಾಗ ಚೌಕಿಯ ಮೂಲೆಯಲ್ಲಿ ಕೂತು ನೋಡಿದ್ದನ್ನು ಹೇಳುತ್ತೇನೆ. ಬಣ್ಣದ ವೇಷದವರು ಸಂಜೆಯಿಂದಲೇ ಕೂರುತ್ತಾರೆ. ಅಕ್ಕಿ ಹಿಟ್ಟು, ಸುಣ್ಣ ಕಲಸಿ ಕಡ್ಡಿಯಲ್ಲಿ ಮುಖದ ಮೇಲೆ ಒಂದೊಂದೇ ಚಿಟ್ಟಿ, ಅಂದರೆ ಚುಕ್ಕಿ, ಇಡುತ್ತಾರೆ. ಒಂದು ಒಣಗಬೇಕು, ಅದರ ಮೇಲೆ ಇನ್ನೊಂದು. ಗಂಟೆಗಟ್ಟಲೆ. ಅಷ್ಟು ಹೊತ್ತೂ ಅವರು ಮನುಷ್ಯರೇ. ಚಾ ಕುಡಿಯುತ್ತಾರೆ, ಮಗಳ ಫೀಸಿನ ವಿಷಯ ಮಾತಾಡುತ್ತಾರೆ. ಕಿರೀಟ ಏರುವುದು ಕೊನೆಗೆ. ಏರುವ ಮೊದಲು ಅದನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಏರಿತು ಅಂದರೆ ಮುಗಿಯಿತು. ಆಮೇಲೆ ಅವರ ಹತ್ತಿರ ಯಾರೂ ಸುಮ್ನೆ ಮಾತಾಡುವುದಿಲ್ಲ. ಚಂಡೆ ಏರುತ್ತದೆ. ಅಡ್ಡತೆರೆಯ ಮೇಲೆ ಮೊದಲು ಕಾಣುವುದು ಕೇಸರಿತಟ್ಟಿಯ ಅಂಚು. ಮುಖ ಇಲ್ಲ, ಮೈ ಇಲ್ಲ. ಅಂಚು ಮಾತ್ರ. ದೊಂದಿಗೆ ರಾಳದ ಪುಡಿ ಎರಚಿದಾಗ ಭಗ್ ಅಂತ ಉರಿಯುತ್ತದಲ್ಲ, ಆ ಬೆಳಕು ಅಂಚಿಗೆ ಬೀಳುತ್ತದೆ. ಅಲ್ಲಿ ಕೂತ ಮಕ್ಕಳು ಅಮ್ಮನ ಸೆರಗು ಹಿಡಿಯುವುದು ಆಗಲೇ.

ಚೌಕಿಪೂಜೆಗೆ ಗಣಪತಿಯ ಜೊತೆ ಕಿರೀಟಕ್ಕೂ ಆರತಿ ಆಗುತ್ತದೆ. ಇಟ್ಟದ್ದಕ್ಕೂ ಮರ್ಯಾದೆ ಇದೆ ಸ್ವಾಮಿ.


ಚೌಕಿಯ ಕನ್ನಡಿ:

ಕೇಸರಿತಟ್ಟಿಯವರೇ, ನೀವು ಹೇಳಿದ್ದು ಸರಿ. "ಇಟ್ಟದ್ದು" ಅನ್ನುವುದನ್ನು ನಾನು ಹಗುರವಾಗಿ ಬಳಸಿದೆ. ನನ್ನ ಸಂಕಟ ಇರುವುದು ಕಟ್ಟುವ ರೂಢಿ ಇದ್ದ ಕಡೆ ಅದು ಹೋಗುವುದರಲ್ಲಿ. ನಿಮ್ಮ ಕೇಸರಿತಟ್ಟಿಗೆ ಮೊದಲಿಂದ ಇರುವ ದಾರಿ ಅದೇ. ನಮ್ಮ ಮುಂಡಾಸಿನ ದಾರಿ ಬೇರೆ.

ತಿರುಗಾಟ ಅವರೇ, ನಿಮ್ಮ ಅಣ್ಣನ ಅರ್ಧ ಗಂಟೆ ನಿದ್ದೆಯ ಮಾತು ಓದಿದ ಮೇಲೆ ನನ್ನ ಬಾಯಿ ಕಟ್ಟಿತು. ವೃತ್ತಿಯವರಿಗೆ ನಾನು ಏನೂ ಹೇಳುವ ಹಾಗಿಲ್ಲ.

ಇಳಕಲ್ ಸೆರಗು ಅಕ್ಕ, ಬಾಸಿಂಗ ಕಟ್ಟಿದವಳು ತಲೆ ತಗ್ಗಿಸಲಾರಳು ಅನ್ನುವುದು ನನಗೆ ಇಷ್ಟು ವರ್ಷ ಹೊಳೆದೇ ಇರಲಿಲ್ಲ.


ಕಪಿಲೆ ದಡ:

ನಾನು ನಿವೃತ್ತ ಮೇಷ್ಟ್ರು, ಮೈಸೂರು ಸೀಮೆ. ನಮ್ಮ ಪೇಟದ ಬಗ್ಗೆ ಯಾರೂ ಬರೆಯಲಿಲ್ಲವಲ್ಲ ಅಂತ ಕಾದಿದ್ದೆ.

ನಮ್ಮ ತಾತ ದಿನಾ ಪೇಟ ಕಟ್ಟುತ್ತಿದ್ದರು. ಅವರ ಕಾಲದಲ್ಲಿ ಅದು ಸನ್ಮಾನದ ವಸ್ತು ಅಲ್ಲ, ಕಚೇರಿಗೆ ಹೋಗುವ ಉಡುಪು. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದರಲ್ಲ, ಅವರ ಯಾವ ಪಟ ನೋಡಿದರೂ ಕೋಟು, ಕತ್ತಿಗೆ ಟೈ, ಮೇಲೆ ಜರಿ ಅಂಚಿನ ಮೈಸೂರು ಪೇಟ. ಕೆಳಗಿನದೆಲ್ಲ ಹೊರಗಿನಿಂದ ಬಂದದ್ದು, ತಲೆ ಮೇಲಿನದು ಮಾತ್ರ ನಮ್ಮದು. ತಾತ ಆ ಪಟವನ್ನು ತೋರಿಸಿ "ಕೆಲಸ ಯಾರ ಥರ ಬೇಕಾದರೂ ಮಾಡು, ತಲೆ ನಿಂದಾಗಿರಲಿ" ಅನ್ನುತ್ತಿದ್ದರು.

ಅವರು ಕಟ್ಟುತ್ತಿದ್ದ ರೀತಿ ಇನ್ನೂ ಕಣ್ಣಲ್ಲಿದೆ. ಬಾಗಿಲ ಚಿಲಕಕ್ಕೆ ಬಟ್ಟೆಯ ಒಂದು ತುದಿ ಸಿಕ್ಕಿಸಿ, ಇನ್ನೊಂದು ತುದಿ ಹಿಡಿದು, ಉದ್ದಕ್ಕೆ ನಿರಿಗೆ ಹಿಡಿಯುವುದು. ಅಜ್ಜಿ ಮಧ್ಯದಲ್ಲಿ ನಿಂತು ನಿರಿಗೆ ಒತ್ತಿ ಹಿಡಿಯಬೇಕು. ಆಗ ಇಬ್ಬರೂ ಮಾತಾಡುತ್ತಿರಲಿಲ್ಲ. ದಿನದಲ್ಲಿ ಅವರಿಬ್ಬರೂ ಸೇರಿ ಮಾಡುತ್ತಿದ್ದ ಕೆಲಸ ಅದೊಂದೇ ಇರಬೇಕು. ಅಜ್ಜಿ ಹೋದ ಮೇಲೆ ತಾತ ಪೇಟ ಬಿಟ್ಟರು. ಕೇಳಿದರೆ "ಭಾರ ಆಗುತ್ತೆ" ಅಂದರು.

ಈಗ ನನ್ನ ನೋವು ಹೇಳುತ್ತೇನೆ. ನಾನು ನಿವೃತ್ತನಾದ ವರ್ಷ ಒಂದು ಸಂಸ್ಥೆಯವರು ಹತ್ತಾರು ಮೇಷ್ಟ್ರುಗಳಿಗೆ ಒಟ್ಟಿಗೆ ಸನ್ಮಾನ ಮಾಡಿದರು. ಶಾಲು, ಹಾರ, ಹಣ್ಣಿನ ಬುಟ್ಟಿ, ಪೇಟ. ನನ್ನ ತಲೆಗೆ ಪೇಟ ಇಟ್ಟರು, ಫೋಟೋ ತೆಗೆದರು. ತಕ್ಷಣ ಅದೇ ಪೇಟ ಎತ್ತಿ ಪಕ್ಕದವರ ತಲೆಗೆ ಇಟ್ಟರು. ಮತ್ತೆ ಫೋಟೋ. ಹಾಗೆ ಸಾಲು ಮುಗಿಯುವವರೆಗೂ ಒಂದೇ ಪೇಟ. ಪೇಟ ಮನೆಗೆ ಬೇಕಿತ್ತು ಅಂತ ಅಲ್ಲ ನಾನು ಹೇಳುತ್ತಿರುವುದು. ಮೂವತ್ತನಾಲ್ಕು ವರ್ಷ ಪಾಠ ಮಾಡಿದ ತಲೆ ಅದು. ಅದಕ್ಕೆ ಏರಿಸಿದ್ದನ್ನು ನಾನು ಕೆಳಗೆ ಇಳಿದು ಬರುವವರೆಗಾದರೂ ಬಿಡಬಹುದಿತ್ತು. ಶಾಲು ನನ್ನ ಮಗ ಈಗಲೂ ಹೊದೆಯುತ್ತಾನೆ. ಆ ಫೋಟೋ ಮಾತ್ರ ನಾನು ಗೋಡೆಗೆ ಹಾಕಿಲ್ಲ.

ಕೆಲವು ವಿಶ್ವವಿದ್ಯಾಲಯಗಳ ಘಟಿಕೋತ್ಸವದಲ್ಲಿ ಈಗ ಕರಿ ಟೋಪಿ ಬಿಟ್ಟು ಪೇಟ ಹಾಕುತ್ತಾರೆ. ಅದನ್ನು ನೋಡಿದರೆ ಸಂತೋಷವೇ. ತಯಾರಾದ ಪೇಟ ಆದರೂ ಪರವಾಗಿಲ್ಲ, ಅದನ್ನು ಇಡುವವರು ಎರಡು ಕೈಯಲ್ಲಿ ಇಡಲಿ.


ಇಳಕಲ್ ಸೆರಗು:

ಮೇಷ್ಟ್ರೇ, ತಾತ ಅಜ್ಜಿಯ ನಿರಿಗೆ ಓದಿ ಸುಮಾರು ಹೊತ್ತು ಸುಮ್ನೆ ಕೂತೆ. ಆ ಸಂಸ್ಥೆಯವರು ಮಾಡಿದ್ದು ಬಹಳ ತಪ್ಪು.


ಮಡಿಕೇರಿ ಮಂಜು:

ಕೊಡಗಿನಿಂದ ಒಂದು ಮಾತು. ನಮ್ಮಲ್ಲಿ ಮದುಮಗ ಬಿಳಿ ಕುಪ್ಯ (ಉದ್ದ ಅಂಗಿ) ಹಾಕಿ, ಸೊಂಟಕ್ಕೆ ಕೆಂಪು ರೇಷ್ಮೆ ಚೇಲೆ ಕಟ್ಟಿ, ಅದಕ್ಕೆ ಪೀಚೆಕತ್ತಿ ಸಿಕ್ಕಿಸಿ, ತಲೆಗೆ ಮಂಡೆತುಣಿ ತೊಡುತ್ತಾನೆ. ಮೇಲ್ಭಾಗ ಚಪ್ಪಟೆ, ಜರಿ ಅಂಚು. ಈಗ ತಯಾರಾದ ಮಂಡೆತುಣಿಯೇ ಜಾಸ್ತಿ. ಒಂದೇ ಕುಟುಂಬದೊಳಗೆ ಅಣ್ಣನದು ತಮ್ಮನಿಗೆ, ತಮ್ಮನದು ಚಿಕ್ಕಪ್ಪನ ಮಗನಿಗೆ ಹೋಗುತ್ತದೆ. ನಮ್ಮ ಮನೆಯದರ ಒಳಗಡೆ ಬೆವರಿನ ಕಲೆ ಇದೆ. ಅಮ್ಮ ಅದನ್ನು ಒಗೆಸಲು ಬಿಡುವುದಿಲ್ಲ. ಅದರಲ್ಲಿ ನನ್ನ ಅಪ್ಪನ ಬೆವರೂ ಇದೆ ಅನ್ನುತ್ತಾರೆ.

ಹೆಂಗಸರಿಗೆ ಕೆಂಪು ವಸ್ತ್ರ ಇದೆ, ತಲೆಗೆ ಸುತ್ತಿ ಹಿಂದೆ ಗಂಟು ಹಾಕುವುದು. ಮದುವೆಗೆ ಮೊದಲು ನಾನು ಅದನ್ನು ಯಾವತ್ತೂ ಕಟ್ಟಿರಲಿಲ್ಲ. ದೊಡ್ಡಮ್ಮ ಕಟ್ಟಿದರು. ಕನ್ನಡಿಯಲ್ಲಿ ನೋಡಿದರೆ ನಾನಲ್ಲ, ಹಳೆಯ ಫೋಟೋದಲ್ಲಿದ್ದ ಅಜ್ಜಿ. ಬೆಂಗಳೂರಿನಲ್ಲಿ ಓದಿ, ಕೆಲಸ ಮಾಡಿ, ಊರಿನವಳು ಅಂತ ಯಾರಿಗೂ ಗೊತ್ತಾಗದ ಹಾಗೆ ಇದ್ದವಳು ನಾನು. ಒಂದು ಮೊಳ ಬಟ್ಟೆ ನನ್ನನ್ನು ವಾಪಸ್ಸು ಎಳೆದು ಮನೆಯೊಳಗೆ ಕೂರಿಸಿತು.


ವೇಷದ ಪೆಟ್ಟಿಗೆ:

ನಾನು ಇಲ್ಲಿ ಓದುವುದು ಮಾತ್ರ, ಬರೆಯುವುದು ಕಮ್ಮಿ. ಈ ಚರ್ಚೆ ನೋಡಿ ಬರೆಯಬೇಕು ಅನ್ನಿಸಿತು.

ನನ್ನ ಅಪ್ಪ ಮುಂಡಾಸು ವೇಷಕ್ಕೆ ಹೆಸರಾದವರು. ನಮ್ಮ ಆಸುಪಾಸಿನಲ್ಲಿ ಮಾತ್ರ, ದೊಡ್ಡ ಹೆಸರೇನಲ್ಲ. ತೀರಿಕೊಂಡು ಆರು ವರ್ಷ. ಅವರ ಪೆಟ್ಟಿಗೆ ಅಟ್ಟದ ಮೇಲಿದೆ. ನಾನು ಬಿಚ್ಚಿಲ್ಲ.

ಚಿಕ್ಕವಳಿದ್ದಾಗ ಬೆಳಗ್ಗೆ ಅವರು ಬಂದ ಮೇಲೆ ಜರಿ ಪಟ್ಟಿ ಸುತ್ತಿಡುವುದು ನನ್ನ ಕೆಲಸ. ಬೆವರು, ಬಣ್ಣ, ತೆಂಗಿನೆಣ್ಣೆ ಎಲ್ಲ ಸೇರಿದ ವಾಸನೆ. ಒಂದು ತುದಿಯನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಬಿಗಿಯಾಗಿ ಸುತ್ತಬೇಕು, ಸಡಿಲ ಸುತ್ತಿದರೆ ಅಪ್ಪ ಬಿಚ್ಚಿ ಮತ್ತೆ ಕೊಡುತ್ತಿದ್ದರು. "ಮಡಚಬೇಡ ಮಗಾ, ಗೀಟು ಬಿದ್ರೆ ತಲೆ ಮೇಲೆ ಕಾಣ್ತದೆ." ಅವರ ಮುಂಡಾಸು ಕಟ್ಟಿದ್ದು ಅವರೇ. ಬೇರೆ ಯಾರಿಗೂ ಕಟ್ಟಲು ಬಿಡುತ್ತಿರಲಿಲ್ಲ.

ಆಗ ನಮ್ಮ ಕಡೆ ಹೆಣ್ಣುಮಕ್ಕಳು ವೇಷ ಮಾಡುತ್ತಿರಲಿಲ್ಲ. ಈಗ ಮಾಡುತ್ತಾರೆ, ಚೆನ್ನಾಗಿಯೇ ಮಾಡುತ್ತಾರೆ. ನನಗೆ ನಲವತ್ತೇಳು. ಅಷ್ಟೇ, ಹೇಳಬೇಕು ಅನ್ನಿಸಿತು.


ಗಂಗಾವಳಿ:

ಅಂಕೋಲೆ ಕಡೆಯವನು ನಾನು. ಸುಗ್ಗಿ ಕುಣಿತದ ತುರಾಯಿ ನೋಡದವರು ಒಮ್ಮೆ ಹೋಳಿ ಹುಣ್ಣಿಮೆ ಹೊತ್ತಿಗೆ ಬನ್ನಿ. ಹಾಲಕ್ಕಿ ಒಕ್ಕಲಿಗರ ಸುಗ್ಗಿ ಮನೆ ಮನೆಗೂ ಬರುತ್ತದೆ. ತಲೆ ಮೇಲೆ ಬೆಂಡಿನ ಹೂವು, ಬೆಂಡಿನ ಹಕ್ಕಿ, ಬಣ್ಣದ ಹಾಳೆ. ಕುಣಿಯುವಾಗ ಹಕ್ಕಿಗಳು ಹಾರಿದ ಹಾಗೆ ಅಲುಗುತ್ತವೆ. ಅಂಗಳದಲ್ಲಿ ಸಾಲಾಗಿ ಸುತ್ತು ಬರುವಾಗ ಮುಖ ನೋಡಲು ಪುರುಸೊತ್ತು ಇರುವುದಿಲ್ಲ, ಕಣ್ಣೆಲ್ಲ ಮೇಲೆಯೇ.

ನಮ್ಮ ಮನೆ ಪಕ್ಕದ ಅಜ್ಜ ತುರಾಯಿ ಕಟ್ಟುವುದರಲ್ಲಿ ಪಳಗಿದವರು. ಹಕ್ಕಿ ಮಾಡುವುದನ್ನು ನೋಡಿದ್ದೇನೆ. ಬೆಂಡನ್ನು ಹರಿತವಾದ ಕತ್ತಿಯಲ್ಲಿ ಸಿಪ್ಪೆ ತೆಗೆದ ಹಾಗೆ ತೆಳ್ಳಗೆ ಎಬ್ಬಿಸುತ್ತಾರೆ. ಉಸಿರು ಜೋರಾಗಿ ಬಿಟ್ಟರೆ ಹಾರಿ ಹೋಗುತ್ತದೆ. ಆ ಹಾಳೆಯನ್ನೇ ಮಡಚಿ ರೆಕ್ಕೆ. ಒಂದು ಸಲ ನಾನು "ಅಜ್ಜ, ಪ್ಲಾಸ್ಟಿಕ್ ಹೂವು ಸಿಗುತ್ತದಲ್ಲ, ವರ್ಷ ವರ್ಷ ಇದ್ಯಾಕೆ?" ಅಂದೆ. ಅವರು ಕೈಯಲ್ಲಿದ್ದ ಹಕ್ಕಿ ನನ್ನ ತಲೆ ಮೇಲೆ ಇಟ್ಟರು. "ಗೊತ್ತಾಯ್ತಾ?" ಅಂದರು. ಏನೂ ಗೊತ್ತಾಗಲಿಲ್ಲ, ಭಾರವೇ ಇರಲಿಲ್ಲ. "ಅದಕ್ಕೇ," ಅಂದರು. ಹಗಲೆಲ್ಲ ಬಿಸಿಲಲ್ಲಿ ಊರೂರು ಕುಣಿಯುವವನ ತಲೆ ಅದು.


ನೆನಪಿನ ಬುತ್ತಿ:

ಇಷ್ಟೆಲ್ಲ ಬರೆದಿರಿ, ಭೂತಕೋಲದ ಅಣಿಯನ್ನು ಯಾಕೆ ಯಾರೂ ಹೇಳಲಿಲ್ಲ? ತಲೆ ಅಲಂಕಾರ ಅಂದರೆ ಅದಕ್ಕಿಂತ ದೊಡ್ಡದು ಯಾವುದಿದೆ?


ಕೇಸರಿತಟ್ಟಿ:

ಬೇಕೆಂದೇ ಹೇಳಲಿಲ್ಲ. ಅಣಿಯನ್ನು ದಯವಿಟ್ಟು ಅಲಂಕಾರ ಅನ್ನಬೇಡಿ. ಕೋಪದಿಂದ ಹೇಳುತ್ತಿಲ್ಲ, ಕಾಳಜಿಯಿಂದ ಹೇಳುತ್ತೇನೆ. ಯಕ್ಷಗಾನದಲ್ಲಿ ಕಿರೀಟ ಏರಿದವನು ವೇಷಧಾರಿ. ಕೋಲದಲ್ಲಿ ಅಣಿ ಏರಿದವರನ್ನು ನಾವು ಹೆಸರು ಹಿಡಿದು ಕರೆಯುವುದಿಲ್ಲ. ಬೆಳಗ್ಗೆ ನಮ್ಮ ತೋಟದಲ್ಲಿ ಜೊತೆಗೆ ಕೆಲಸ ಮಾಡಿದವರೇ ಇರಬಹುದು. ರಾತ್ರಿ ತಲೆಪಟ್ಟಿ ಕಟ್ಟಿ, ಗಗ್ಗರ (ಕಾಲಿಗೆ ಹಾಕುವ ಬಳೆ) ಕೊಟ್ಟು, ಅಣಿ ಏರಿದ ಮೇಲೆ ಊರಿನ ಗುತ್ತಿನ ಯಜಮಾನರೂ ಕೈ ಮುಗಿದು ನಿಲ್ಲುತ್ತಾರೆ. ದೈವ ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ.

ಇಲ್ಲಿ ನನಗೆ ಒಂದು ಸಂಕಟವೂ ಇದೆ. ನಲಿಕೆ, ಪಂಬದ, ಪರವ ಸಮುದಾಯದವರು ತಲೆತಲಾಂತರದಿಂದ ಅದನ್ನು ಹೊತ್ತಿದ್ದಾರೆ. ಅಣಿ ಇದ್ದಾಗ ಸಿಗುವ ಮರ್ಯಾದೆ ಅಣಿ ಇಳಿದ ಮೇಲೆ ಎಷ್ಟು ಕಾಲ ಸಿಗಲಿಲ್ಲ ಅಂತ ನಮಗೆಲ್ಲ ಗೊತ್ತಿದೆ. ಅದನ್ನು ಬಿಟ್ಟು ಎಳೆ ತೆಂಗಿನ ಗರಿಯ ಚಂದ ಮಾತ್ರ ಹೊಗಳಲು ನನಗೆ ಮನಸ್ಸು ಬರುವುದಿಲ್ಲ. ಇತ್ತೀಚೆಗೆ ಪೇಟೆಯ ಮೆರವಣಿಗೆಗಳಲ್ಲಿ, ಕಾಲೇಜಿನ ಕಾರ್ಯಕ್ರಮಗಳಲ್ಲಿ ಯಾರ್ಯಾರೋ ಅಣಿ ಕಟ್ಟಿಕೊಂಡು ಫೋಟೋಗೆ ನಿಲ್ಲುತ್ತಾರೆ. ಬೇಡ ಅಂತ ಕೈ ಮುಗಿದು ಕೇಳುತ್ತೇನೆ.


ನೆನಪಿನ ಬುತ್ತಿ:

ತಪ್ಪಾಯಿತು ಅಣ್ಣ. ಅಲಂಕಾರ ಅನ್ನುವ ಮಾತು ಹಿಂದಕ್ಕೆ ತೆಗೆದುಕೊಂಡೆ. ಬೆಂಗಳೂರು ಕರಗವೂ ಹೀಗೆಯೇ ಅಲ್ವಾ? ಧರ್ಮರಾಯ ಸ್ವಾಮಿ ದೇವಸ್ಥಾನದಿಂದ ಚೈತ್ರ ಹುಣ್ಣಿಮೆ ರಾತ್ರಿ ಮಲ್ಲಿಗೆಯ ಕರಗ ಹೊರಟಾಗ ಹೊತ್ತವರನ್ನು ಅರ್ಚಕರು ಅಂತ ಯಾರೂ ನೋಡುವುದಿಲ್ಲ. ಸೀರೆ ಉಟ್ಟ ದ್ರೌಪದಿ ಅವರು. ಕೈಯಲ್ಲಿ ಮುಟ್ಟದೆ ತಲೆ ಮೇಲೆ ನಿಲ್ಲಿಸಿಕೊಂಡು ಓಡುತ್ತಾರೆ.


ಸೇವಾಲಾಲ್ ತಾಂಡಾ:

ಚಿಕ್ಕದಾಗಿ ನಮ್ಮದೂ ಒಂದು. ನಮ್ಮ ಲಂಬಾಣಿ ಅಜ್ಜಿಯ ಕೆನ್ನೆಯ ಎರಡೂ ಕಡೆ ಬೆಳ್ಳಿಯ ಘುಗರಿ ತೂಗುತ್ತಿತ್ತು, ಕೂದಲಿಗೆ ಹೆಣೆದದ್ದು. ನಡೆದರೆ ಸದ್ದು. ನಾವು ಮಕ್ಕಳು ಹೊಲದಲ್ಲಿ ಎಲ್ಲಿದ್ದರೂ ಅಜ್ಜಿ ಬುತ್ತಿ ತಂದಳು ಅಂತ ಕಿವಿಯಲ್ಲೇ ಗೊತ್ತಾಗುತ್ತಿತ್ತು. ಅಮ್ಮ ಅದನ್ನು ಬಿಟ್ಟಳು, ಪೇಟೆ ಬಸ್ಸಿನಲ್ಲಿ ಜನ ತಿರುಗಿ ನೋಡುತ್ತಾರೆ ಅಂತ. ಈಗ ನನ್ನ ತಂಗಿ ಮದುವೆಗೆ ಅದೇ ಬೇಕು ಅಂತ ಕೇಳಿ ಹಾಕಿಸಿಕೊಂಡಳು. ಹೆಣೆಯಲು ಬರುವವರು ತಾಂಡಾದಲ್ಲಿ ಒಬ್ಬರೇ ಉಳಿದಿದ್ದರು.


ತಿರುಗಾಟ:

ಇದೆಲ್ಲ ಅಣ್ಣನಿಗೆ ಓದಿ ಹೇಳಿದೆ. ಪೂರ್ತಿ ಕೇಳಿದ. ಆಮೇಲೆ ಅವನು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ನಿದ್ದೆ ಬೇಕು, ಅದು ಬೇರೆ. ಆದ್ರೆ ಇಟ್ಟ ಮುಂಡಾಸಿನಲ್ಲಿ ಮಂಡಿ ಊರಿ ಗಿರಕಿ ಹಾಕುವಾಗ ನಾನು ಒಂದು ಕಡೆ ತಿರುಗಿದ್ರೆ ಅದು ಒಂದು ಗಳಿಗೆ ತಡವಾಗಿ ತಿರುಗ್ತದೆ. ನನಗೆ ಮಾತ್ರ ಗೊತ್ತಾಗ್ತದೆ. ಆ ಗಳಿಗೆ ನಾನು ಅರ್ಜುನ ಅಲ್ಲ, ಮುಂಡಾಸು ಜಾರೀತಾ ಅಂತ ನೋಡುವವ."

ಅವನಿಗೆ ಹೀಗೆ ಅನ್ನಿಸುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ವಾರಕ್ಕೆ ಒಂದು ಆಟಕ್ಕಾದರೂ ಕಟ್ಟುತ್ತೇನೆ ಅಂದಿದ್ದಾನೆ. ನಿಮ್ಮ ಸಂಘದವರಿಗೂ ಕೇಳಿ ನೋಡಿ, ಅಣ್ಣ. ಎಲ್ಲ ವೇಷಕ್ಕೂ ಬೇಡ. ಮುಖ್ಯ ವೇಷ ಒಂದಕ್ಕೆ.


ಚೌಕಿಯ ಕನ್ನಡಿ:

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ತಿರುಗಾಟ ಅವರ ಮಾತನ್ನು ಸಂಘದಲ್ಲಿ ಹಾಗೆಯೇ ಇಟ್ಟೆ. ಮುಖ್ಯ ವೇಷ ಒಂದಕ್ಕೆ ಕಟ್ಟಬಹುದು ಅಂತ ಒಪ್ಪಿದರು. ಆದರೆ ಕಟ್ಟುವವರು ಯಾರು? ಗುರುಗಳಿಗೆ ಈಗ ಎಂಬತ್ತು ದಾಟಿದೆ, ಕೈ ಮೇಲೆ ಎತ್ತಲು ಆಗುವುದಿಲ್ಲ. ಇಷ್ಟು ವರ್ಷ ಅವರು ಅಥವಾ ಅವರ ಹಿರಿಯ ಶಿಷ್ಯರು ಕಟ್ಟಿದ್ದಕ್ಕೆ ನಾನು ತಲೆ ಕೊಟ್ಟವನೇ ಹೊರತು ಕಟ್ಟಲು ಕಲಿತವನಲ್ಲ. ಅದು ನನ್ನ ತಪ್ಪು.

ಅವರ ಮನೆಗೆ ನಾಲ್ಕು ಭಾನುವಾರ... ಅಲ್ಲ, ಮೂರು ಭಾನುವಾರ ಹೋದೆ. ಅವರು ಕುರ್ಚಿಯಲ್ಲಿ ಕೂತು ಬಾಯಲ್ಲಿ ಹೇಳುವುದು, ನಾನು ಕನ್ನಡಿ ಮುಂದೆ ಕೂತು ಕಟ್ಟುವುದು. ಮೊದಲ ಸಲ ಎಡಕ್ಕೆ ವಾಲಿತು. ಎರಡನೇ ಸಲ ಸುರುಳಿ ಸಡಿಲ ಆಗಿ ಕಣ್ಣ ಮೇಲೆ ಇಳಿಯಿತು. "ಕೈಯಲ್ಲಿ ಎಳೀಬೇಡ. ಕತ್ತಲ್ಲಿ ಎಳಿ. ಬಟ್ಟೆ ನಿಲ್ಲಿಸಿ ತಲೆ ತಿರುಗಿಸು" ಅಂದರು. ಅದು ತಿಳಿಯಲು ಒಂದು ಭಾನುವಾರ ಪೂರ್ತಿ ಬೇಕಾಯಿತು. ಬಟ್ಟೆಯನ್ನು ಬಿಗಿ ಹಿಡಿದು ತಲೆಯನ್ನೇ ಅದರೊಳಗೆ ತಿರುಗಿಸಿದರೆ ಸುತ್ತು ತಾನಾಗಿ ಕೂರುತ್ತದೆ.

ಮೊನ್ನೆ ಶನಿವಾರ ಕರ್ಣ ಮಾಡಿದೆ. ನಾನೇ ಕಟ್ಟಿಕೊಂಡದ್ದು. ನಲವತ್ತು ನಿಮಿಷ ಹಿಡಿಯಿತು. ಶಲ್ಯ ರಥದಿಂದ ಇಳಿದು ಹೋದ ಮೇಲೆ ಕರ್ಣ ಒಬ್ಬನೇ ನಿಲ್ಲುವ ಜಾಗ ಇದೆಯಲ್ಲ, ಅಲ್ಲಿ ಭಾಗವತರು ಪದ್ಯ ಎತ್ತಿದಾಗ ಎರಡೂ ಕಿವಿಯ ಮೇಲೆ ನೋವು ಬಡಿಯುತ್ತಿತ್ತು, ಮದ್ದಳೆಯ ಲೆಕ್ಕಕ್ಕೆ ಸರಿಯಾಗಿ. ಅರ್ಥ ಹೇಳಲು ಬಾಯಿ ತೆರೆದಾಗ ದನಿ ನನ್ನದು ಅನ್ನಿಸಲಿಲ್ಲ.

ಒಂದು ಸಹಾಯ ಬೇಕು. ನಮ್ಮಲ್ಲಿದ್ದ ಜರಿ ಪಟ್ಟಿಗಳೆಲ್ಲ ಹೊಸವು, ನುಣ್ಣಗೆ ಜಾರುತ್ತವೆ. ಗುರುಗಳು ಹಳೆಯ ಪಟ್ಟಿ ಹುಡುಕು ಅಂದರು, ಬಳಸಿ ಬಳಸಿ ಮೆತ್ತಗಾದದ್ದು. ಯಾರ ಹತ್ತಿರವಾದರೂ ಇದ್ದರೆ ತಿಳಿಸಿ. ಬಳಸಿ ವಾಪಸ್ಸು ಕೊಡುತ್ತೇನೆ.


ವೇಷದ ಪೆಟ್ಟಿಗೆ:

ನಿನ್ನೆ ಪೆಟ್ಟಿಗೆ ಇಳಿಸಿದೆ. ಬೀಗ ತುಕ್ಕು ಹಿಡಿದಿತ್ತು, ಮಗ ಎಣ್ಣೆ ಹಾಕಿ ತೆಗೆದ. ಹನ್ನೊಂದು ಪಟ್ಟಿ ಇವೆ, ಎಲ್ಲ ನಾನು ಸುತ್ತಿಟ್ಟ ಹಾಗೆಯೇ ಇವೆ. ಎರಡಕ್ಕೆ ಹುಳ ಬಿದ್ದಿದೆ. ಎಂಟು ನಿಮಗೆ ಕಳಿಸುತ್ತೇನೆ, ವಾಪಸ್ಸು ಬೇಡ, ಆದರೆ ಮಡಚಬೇಡಿ. ಒಂದು ನನ್ನ ಹತ್ತಿರ ಇರಲಿ. ಮುಂದಿನ ಭಾನುವಾರ ಗುರುಗಳ ಮನೆಗೆ ಹೋಗುವುದಿದ್ದರೆ ಹೇಳಿ, ಕಟ್ಟುವುದನ್ನು ನಾನೂ ಕೂತು ನೋಡಬೇಕು.